ಚಂದ್ರದ್ರೋಣವನ್ನು ಎಲ್ಲಿ ನಿಂತು ನೋಡಿದರು?

ಕಳೆದ ದಸರಾ ರಜೆಯಲ್ಲಿ ಬೆಂಗಳೂರಿನಿಂದ ಬಂದಿದ್ದ ತಮ್ಮನ ಮಗ, ಊಟವಾದ ಮೇಲೆ ಜಗಲಿಯಲ್ಲಿ ಕುಳಿತು ಮೊಬೈಲಿನಲ್ಲಿ ಉಪಗ್ರಹದ ನಕ್ಷೆಯನ್ನು ಹಿಗ್ಗಿಸುತ್ತ ಕುಗ್ಗಿಸುತ್ತ ಇದ್ದವನು ಇದ್ದಕ್ಕಿದ್ದಂತೆ, "ದೊಡ್ಡಪ್ಪ, ನಿಮ್ಮ ಗಿರಿ ಕುದುರೆ ಲಾಳದ ಹಾಗಿದೆಯಲ್ಲ" ಎಂದ. ಕನ್ನಡಕ ಏರಿಸಿಕೊಂಡು ನೋಡಿದೆ. ನಿಜ. ದಕ್ಷಿಣದಲ್ಲಿ ಮುಳ್ಳಯ್ಯನಗಿರಿ, ಸೀತಾಳಯ್ಯನಗಿರಿಗಳ ಸಾಲು. ಅಲ್ಲಿಂದ ಬಾಬಾಬುಡನ್‌ಗಿರಿ, ಗಾಳಿಕೆರೆಗಳನ್ನು ಹಾದು ಉತ್ತರಕ್ಕೆ ಬಾಗುತ್ತ ಹೋಗುವ ಪೂರ್ವದ ಗೋಡೆ. ಕೊನೆಗೆ ಕೆಮ್ಮಣ್ಣುಗುಂಡಿ, ಕಲ್ಲತ್ತಿಗಿರಿ. ವಾಯವ್ಯಕ್ಕೆ ಮಾತ್ರ ಬಾಯಿ ತೆರೆದುಕೊಂಡು, ಒಳಗೆ ಜಾಗರ ಕಣಿವೆಯ ಕಡುಹಸಿರನ್ನು ತಬ್ಬಿಕೊಂಡು ಕುಳಿತ ಲಾಳ. ಲಾಳದ ವಿಷಯ ನನಗೆ ಗೊತ್ತಿರಲಿಲ್ಲವೆಂದಲ್ಲ. ಎಲ್ಲಿಯೋ ಓದಿದ್ದೆ, ಯಾರಿಗೋ ಹೇಳಿಯೂ ಇದ್ದೆ. ಆದರೆ ಐವತ್ತು ವರ್ಷ ಈ ಬೆಟ್ಟದ ನೆರಳಿನಲ್ಲೇ ಬದುಕಿದವನು ಅದರ ಆಕಾರವನ್ನು ಒಮ್ಮೆಯೂ ಕಣ್ಣಾರೆ ಕಂಡಿರಲಿಲ್ಲ ಎಂಬುದು ಆ ಕ್ಷಣದಲ್ಲಿ ಹೊಳೆದು, ಸ್ವಲ್ಪ ನಾಚಿಕೆಯೂ ಆಯಿತು.

ಚಿಕ್ಕಮಗಳೂರು ಪೇಟೆಯಿಂದ ನೋಡಿದರೆ ಗಿರಿ ಒಂದು ಗೋಡೆ. ಕಡೂರಿನ ದಾರಿಯಿಂದಲೂ ಗೋಡೆ, ತರೀಕೆರೆಯ ಕಡೆಯಿಂದಲೂ ಗೋಡೆ. ಹೊರಗೆ ಎಲ್ಲಿ ನಿಂತರೂ ಅದು ತನ್ನ ಬಾಗನ್ನು ತೋರಿಸುವುದಿಲ್ಲ. ಹಾಗಿದ್ದರೂ ಈ ಸಾಲಿನ ಹಳೆಯ ಹೆಸರು ಚಂದ್ರದ್ರೋಣ ಪರ್ವತ. ಅರ್ಧಚಂದ್ರದಂತೆ ಬಾಗಿರುವುದರಿಂದ ಚಂದ್ರ ಎನ್ನುತ್ತಾರೆ. ಇನ್ನು ದ್ರೋಣಕ್ಕೆ ನಮ್ಮ ಕಡೆ ಹನುಮಂತ ಹೊತ್ತು ತಂದ ಸಂಜೀವಿನಿ ಬೆಟ್ಟದ ತುಣುಕಿನ ಕತೆ ಹೇಳುವವರಿದ್ದಾರೆ. ಆದರೆ ದ್ರೋಣವೆಂದರೆ ನೀರು ಹಿಡಿಯುವ ಮರದ ತೊಟ್ಟಿ ಎಂಬ ಅರ್ಥವೂ ಸಂಸ್ಕೃತದಲ್ಲಿ ಇದೆ, ನನಗೆ ಅದೇ ಹೆಚ್ಚು ಇಷ್ಟ. ಚಂದ್ರನಂತೆ ಬಾಗಿದ ತೊಟ್ಟಿ. ಉಪಗ್ರಹದ ಚಿತ್ರ ಕೈಯಲ್ಲಿರುವ ಹುಡುಗ ಹೇಳಿದ್ದಕ್ಕಿಂತಲೂ ಕರಾರುವಾಕ್ಕಾದ ವರ್ಣನೆ ಇದು, ಏಕೆಂದರೆ ಆಕಾರದ ಜೊತೆಗೆ ಆ ಆಕಾರ ಮಾಡುವ ಕೆಲಸವನ್ನೂ ಇದು ಹೇಳುತ್ತದೆ. ಹಾರಲಾರದ ಮನುಷ್ಯರು, ನಕ್ಷೆಯಿಲ್ಲದ ಕಾಲದಲ್ಲಿ, ಈ ಹೆಸರನ್ನು ಎಲ್ಲಿ ನಿಂತು ಇಟ್ಟರು? ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಡದೆ ಕಾಡಿದೆ.

ಎತ್ತರ ಹಾಕಿದ ದಾರಿ

ನಮ್ಮ ತಲೆಯಲ್ಲಿ ಬೆಟ್ಟವೆಂದರೆ ಎತ್ತರ. ಮುಳ್ಳಯ್ಯನಗಿರಿ ರಾಜ್ಯದ ಅತ್ಯುನ್ನತ ಶಿಖರ, ಎತ್ತರ 1,930 ಮೀಟರ್ ಎಂಬುದನ್ನು ಪ್ರಾಥಮಿಕ ಶಾಲೆಯಲ್ಲಿ ಬಾಯಿಪಾಠ ಮಾಡಿದವರು ನಾವು. ಅದರ ಪಕ್ಕದ ಪುಟದಲ್ಲೇ ಪಶ್ಚಿಮ ಘಟ್ಟಗಳು ನೀರನ್ನು ಎರಡು ಸಮುದ್ರಗಳಿಗೆ ಹಂಚುತ್ತವೆ ಎಂಬ ವಾಕ್ಯವೂ ಇತ್ತು. ಎರಡನ್ನೂ ಸೇರಿಸಿಕೊಂಡು, ಮುಳ್ಳಯ್ಯನಗಿರಿಯ ನೆತ್ತಿಯ ಮೇಲೆ ಬಿದ್ದ ಮಳೆಹನಿ ಸೀಳಿ, ಅರ್ಧ ಅರಬ್ಬಿ ಸಮುದ್ರಕ್ಕೂ ಅರ್ಧ ಬಂಗಾಳ ಕೊಲ್ಲಿಗೂ ಹೋಗುತ್ತದೆ ಎಂದು ನಾನು ಕಲ್ಪಿಸಿಕೊಂಡಿದ್ದೆ. ಅದನ್ನು ಯಾರೂ ತಿದ್ದಲಿಲ್ಲ. ನಾನೇ ನಾಲ್ಕಾರು ಅತಿಥಿಗಳಿಗೆ ಅಲ್ಲಿನ ಮೆಟ್ಟಿಲ ಮೇಲೆ ನಿಂತು ಕೈಚಾಚಿ ಇದನ್ನು ವಿವರಿಸಿಯೂ ಇದ್ದೇನೆ, ಅವರೆಲ್ಲ ಕ್ಷಮಿಸಬೇಕು.

ಮುಳ್ಳಯ್ಯನಗಿರಿಯ ಒಂದು ಹನಿಯೂ ಅರಬ್ಬಿ ಸಮುದ್ರವನ್ನು ಕಾಣುವುದಿಲ್ಲ. ಚಂದ್ರದ್ರೋಣ ಸಾಲು ಘಟ್ಟದ ಅಂಚಿನಲ್ಲಿ ಇಲ್ಲವೇ ಇಲ್ಲ. ಅಂಚಿನಿಂದ ಸಾಕಷ್ಟು ಒಳಗೆ, ಬಯಲುಸೀಮೆಗೆ ಆತುಕೊಂಡು ನಿಂತಿದೆ. ಇಲ್ಲಿ ಬಿದ್ದ ನೀರು ಎತ್ತ ಹರಿದರೂ ಕೊನೆಗೆ ಪೂರ್ವದ ಕಡಲಿಗೇ. ಹಂಚಿಕೆ ನಡೆಯುವುದು ಕೃಷ್ಣೆಗೂ ಕಾವೇರಿಗೂ ನಡುವೆ. ದಕ್ಷಿಣಕ್ಕೆ ಇಳಿದ ನೀರು ಯಗಚಿಯಾಗಿ ಬೇಲೂರನ್ನು ಹಾದು ಗೊರೂರಿನ ಬಳಿ ಹೇಮಾವತಿಯನ್ನು ಸೇರಿ, ಕಾವೇರಿಯ ಜೊತೆ ತಮಿಳುನಾಡಿಗೆ ಹೋಗುತ್ತದೆ. ಪೂರ್ವಕ್ಕೆ ಜಾರಿದ ನೀರು ವೇದಾ, ಅವತಿ ಎಂಬ ಎರಡು ಹೊಳೆಗಳಾಗಿ, ಕಡೂರಿನ ಬಳಿ ಕೂಡಿ ವೇದಾವತಿ ಎನಿಸಿಕೊಂಡು, ಹಿರಿಯೂರಿನ ವಾಣಿವಿಲಾಸ ಸಾಗರದಲ್ಲಿ ದಣಿವಾರಿಸಿಕೊಂಡು, ಹಗರಿಯೆಂಬ ಹೆಸರಿನಲ್ಲಿ ಬಳ್ಳಾರಿ ಸೀಮೆಯಲ್ಲಿ ತುಂಗಭದ್ರೆಗೆ ಬೀಳುತ್ತದೆ. ಲಾಳದ ಒಳಕ್ಕೆ ಬಿದ್ದ ನೀರು ಸೋಮವಾಹಿನಿಯಾಗಿ ಭದ್ರೆಯನ್ನು ಸೇರಿ, ಕೂಡಲಿಯಲ್ಲಿ ತುಂಗೆಯನ್ನು ಕೂಡಿಕೊಂಡು ಅದೇ ತುಂಗಭದ್ರೆಯಾಗುತ್ತದೆ. ಅಂದರೆ ಗಾಳಿಕೆರೆಯ ಏಣಿನ ಮೇಲೆ ಒಂದು ಮಾರು ಅಂತರದಲ್ಲಿ ಬಿದ್ದು ಬೆನ್ನು ತಿರುಗಿಸಿ ಹೊರಟ ಎರಡು ಹನಿಗಳು, ಒಂದು ಮಲೆನಾಡನ್ನು ಸುತ್ತಿಕೊಂಡು, ಮತ್ತೊಂದು ಬರದ ಸೀಮೆಯನ್ನು ದಾಟಿಕೊಂಡು, ಸಿರುಗುಪ್ಪದ ಕಡೆಯ ಬಿಸಿಲಿನಲ್ಲಿ ಮತ್ತೆ ಮುಖಾಮುಖಿಯಾಗಬಹುದು. ದಾರಿಯಲ್ಲಿ ಎಷ್ಟು ಅಣೆಕಟ್ಟು, ಎಷ್ಟು ಪಂಪ್‌ಸೆಟ್ಟುಗಳಿವೆ ಎಂಬುದನ್ನು ನೆನೆದರೆ ಆ ಭೇಟಿ ಆಗದಿರುವ ಸಂಭವವೇ ಹೆಚ್ಚು.

ಸಮುದ್ರಗಳ ಗಡಿ ಯಾವುದೆಂದು ನನಗೆ ತೋರಿಸಿದ್ದು ಹಾಸನ ಜಿಲ್ಲೆಯ ಒಂದು ಕಲ್ಲು. ಕೆಲವು ವರ್ಷಗಳ ಹಿಂದೆ ಸಕಲೇಶಪುರದಿಂದ ಬಿಸಿಲೆ ಘಾಟಿಯ ಮೂಲಕ ಸುಬ್ರಹ್ಮಣ್ಯಕ್ಕೆ ಹೊರಟಿದ್ದೆವು. ಮಂಕನಹಳ್ಳಿಯ ಬಳಿ ಭಾವನವರು ಕಾರು ನಿಲ್ಲಿಸಿ, "ಇಲ್ಲಿ ಒಂದು ನೋಡುವ ವಸ್ತುವಿದೆ, ಇಳಿಯಿರಿ" ಎಂದರು. ಶಿಖರವಿಲ್ಲ, ಕಂದರವಿಲ್ಲ, ಜಲಪಾತದ ಸದ್ದಿಲ್ಲ. ಮುಳ್ಳಯ್ಯನಗಿರಿಗಿಂತ ಎಷ್ಟೋ ತಗ್ಗಿನ, ಯಾವ ವಿಶೇಷವೂ ಇಲ್ಲದ ರಸ್ತೆಯ ತಿರುವು. ಅಲ್ಲಿ ಬ್ರಿಟಿಷರ ಕಾಲದ್ದೆನ್ನುವ ಕಲ್ಲು. ಒಂದು ಮಗ್ಗುಲಿಗೆ ಬಂಗಾಳ ಕೊಲ್ಲಿ, ಇನ್ನೊಂದು ಮಗ್ಗುಲಿಗೆ ಅರಬ್ಬಿ ಸಮುದ್ರ ಎಂಬ ಇಂಗ್ಲಿಷ್ ಬರಹ. ಒಂದು ಕಡೆಯ ಮಳೆ ಹೇಮಾವತಿಗೆ, ಇನ್ನೊಂದು ಕಡೆಯ ಮಳೆ ಕುಮಾರಧಾರೆಗೆ. ಭಾವನವರ ಮಗಳು ತನ್ನ ನೀರಿನ ಬಾಟಲಿಯನ್ನು ಅರ್ಧರ್ಧ ಎರಡೂ ಕಡೆ ಸುರಿದು, ಎರಡು ಸಮುದ್ರಕ್ಕೂ ನೀರು ಕಳಿಸಿದೆನೆಂದು ಕುಣಿದಳು. ಅಷ್ಟರಲ್ಲಿ ತುಂತುರು ಹತ್ತಿತು. ನಾನು ಕೊಡೆ ಬಿಡಿಸಿಕೊಂಡು ರಸ್ತೆಬದಿಯ ಚರಂಡಿಯನ್ನೇ ನೋಡುತ್ತ ನಿಂತೆ. ಕಲ್ಲಿನ ಮಾತಿಗೆ ಬೆಲೆ ಕೊಡದೆ, ಎರಡೂ ಮಗ್ಗುಲಿನ ನೀರು ಟಾರಿನ ಓರೆಯನ್ನು ಹಿಡಿದು ಒಂದೇ ಚರಂಡಿಗೆ ಸೇರಿ, ಒಂದೇ ಮೋರಿಯೊಳಗೆ ನುಗ್ಗುತ್ತಿತ್ತು. ಮಗುವಿನ ಅರ್ಧ ಬಾಟಲಿಯೂ ಅದರ ಜೊತೆಗೇ ಹೋಗಿರಬೇಕು. ನೀರು ಬೇರೆಯಾಗುವ ಜಾಗ ಕತ್ತಿಯ ಅಲಗಿನಂತೆ ಇರುತ್ತದೆಂದು ಭಾವಿಸಿದ್ದವನಿಗೆ, ಅದು ಅಂಗಳದಷ್ಟು ಅಗಲವಾದ, ಅತ್ತಲೋ ಇತ್ತಲೋ ಎಂದು ನೀರಿಗೇ ತಿಳಿಯದ ನೆಲವೆಂದು ಅಂದು ಅರಿವಾಯಿತು.

ಈಗಂತೂ ಅದನ್ನು ನಿರ್ಧರಿಸುವುದಕ್ಕೆ ಟಾರು ರಸ್ತೆಗಿಂತ ದೊಡ್ಡ ಏರ್ಪಾಡುಗಳಿವೆ. ಅದೇ ಸಕಲೇಶಪುರ ತಾಲ್ಲೂಕಿನಲ್ಲಿ ಪಶ್ಚಿಮಕ್ಕೆ ಹರಿಯುವ ಎತ್ತಿನಹೊಳೆ ಮತ್ತು ಅದರ ನೆರೆಯ ಹಳ್ಳಗಳಿಗೆ ಎಂಟು ಕಡೆ ಒಡ್ಡು ಕಟ್ಟಿ, ಪಂಪುಗಳಿಂದ ನೀರನ್ನು ಏಣಿನ ಮೇಲಕ್ಕೆ ಎತ್ತಿ ಪೂರ್ವಕ್ಕೆ ಹರಿಸುವ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್ 6ರಂದು, ಗೌರಿ ಹಬ್ಬದ ದಿನ ಉದ್ಘಾಟನೆಯಾಯಿತು. ವರ್ಷಕ್ಕೆ 24 ಟಿಎಂಸಿ ಅಡಿ ನೀರನ್ನು ಕೋಲಾರ, ಚಿಕ್ಕಬಳ್ಳಾಪುರಗಳತ್ತ ಒಯ್ಯುವ ಲೆಕ್ಕ. ಅದರ ಸರಿತಪ್ಪುಗಳ ಜಗಳ ಇಲ್ಲಿ ಬೇಡ. ಅಂಗಳದಷ್ಟು ಅಗಲದ ಆ ನೆಲವನ್ನು ಕಾಂಕ್ರೀಟಿನಲ್ಲಿ ಅಳಿಸಿ ಬರೆಯುವ ಮೊದಲು, ಅದು ಎಲ್ಲಿತ್ತೆಂದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ ಎಂಬುದಷ್ಟೇ ನನ್ನ ಕೊರಗು.

ಎರಡು ಮಗ್ಗುಲಿನ ಮನೆಗಳು

ನಮ್ಮ ತಂದೆಯವರ ಊರು ಮೂಡಿಗೆರೆ ತಾಲ್ಲೂಕಿನ ಬಣಕಲ್ ಕಡೆ; ತಾಯಿಯವರ ತವರು ಸಖರಾಯಪಟ್ಟಣದ ಕಡೆ. ಎರಡೂ ಒಂದೇ ಜಿಲ್ಲೆ. ಬೇಸಿಗೆ ರಜೆಯಲ್ಲಿ ಒಂದೇ ದಿನದಲ್ಲಿ ಬಸ್ಸು ಬದಲಿಸಿಕೊಂಡು ಅಲ್ಲಿಂದ ಇಲ್ಲಿಗೆ ಬರುತ್ತಿದ್ದೆವು. ಆದರೆ ಮಳೆಯ ಮಟ್ಟಿಗೆ ಅವೆರಡು ಬೇರೆ ಬೇರೆ ದೇಶಗಳು.

ತಂದೆಯವರು ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ಬೆಳಿಗ್ಗೆ ಎಂಟಕ್ಕೆ ಮಳೆಮಾಪಕದ ನೀರನ್ನು ಗಾಜಿನ ಅಳತೆಗೆ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಹಿಡಿದು, ಉದ್ದನೆಯ ರೂಲ್ ಪುಸ್ತಕದಲ್ಲಿ ಬರೆಯುವುದು ಅವರ ಮೊದಲ ಕೆಲಸ. ಮಿಲಿಮೀಟರ್ ಎಂಬುದು ಸರ್ಕಾರಿ ಕಾಗದದ ಮಾತು. ತೋಟದವರಿಗೆ ಇಂದಿಗೂ ಮಳೆಯೆಂದರೆ ಇಂಚು ಮತ್ತು ಸೆಂಟು. ದಾರಿಯಲ್ಲಿ ಸಿಕ್ಕವರು ಕ್ಷೇಮಸಮಾಚಾರಕ್ಕಿಂತ ಮೊದಲು ಕೇಳುವುದು "ನಿಮ್ಮಲ್ಲಿ ಎಷ್ಟಾಯಿತು?" ಎಂದು, ಉತ್ತರ "ಎರಡೂವರೆ" ಎಂದು. ಆರಿದ್ರೆಯಿಂದ ಆಶ್ಲೇಷದವರೆಗಿನ ಪುಟಗಳಲ್ಲಿ ಸೊನ್ನೆ ಹುಡುಕಿದರೂ ಸಿಗುತ್ತಿರಲಿಲ್ಲ. ಜುಲೈ ಒಂದರಲ್ಲೇ 40 ಇಂಚು ದಾಟಿದ ವರ್ಷಗಳು ಆ ಪುಸ್ತಕಗಳಲ್ಲಿವೆ. ಸೋದರಮಾವನ ಊರಿನಲ್ಲಿ ವರ್ಷವೆಲ್ಲ ಕೂಡಿಸಿದರೂ 25 ಇಂಚಿನ ಆಸುಪಾಸು. ಕಾರಣವನ್ನು ಎಲ್ಲರೂ ಬಲ್ಲರು: ಕಡಲಿನಿಂದ ಬಂದ ಗಾಳಿ ಘಟ್ಟದ ಅಂಚನ್ನು ಏರುವಾಗ ತಣಿದು ಮೊದಲ ಹೊರೆಯನ್ನು ಇಳಿಸುತ್ತದೆ, ಉಳಿದದ್ದನ್ನು ಹೊತ್ತು ಸಾಗಿ ಚಂದ್ರದ್ರೋಣಕ್ಕೆ ಮತ್ತೊಮ್ಮೆ ಎದೆಗೊಟ್ಟು ಅಲ್ಲಿಯೂ ಸುರಿಯುತ್ತದೆ, ಆ ಗೋಡೆಯನ್ನು ದಾಟಿ ಕಡೂರಿನ ಕಡೆ ಇಳಿಯುವ ವೇಳೆಗೆ ಅದರ ಕೈಯಲ್ಲಿ ಬರಿಯ ಮೋಡದ ನೆರಳು ಮಾತ್ರ ಉಳಿದಿರುತ್ತದೆ.

ಆದರೆ ಮಾವ ಮಳೆಯನ್ನು ತನ್ನ ಹೊಲದಲ್ಲಿ ನಿಂತು ಅಳೆಯುತ್ತಿರಲಿಲ್ಲ. ಜುಲೈ ತಿಂಗಳಿನಲ್ಲಿ ರಾಗಿಯ ಮಡಿಯ ಮೇಲೆ ಒಂದು ಹನಿ ಬೀಳದಿದ್ದರೂ, ಪಡುವಣಕ್ಕೆ ತಿರುಗಿ, ಗಿರಿಯ ತಲೆಗೆ ಕಟ್ಟಿಕೊಂಡ ಕರಿಮೋಡವನ್ನು ನೋಡಿ, "ಅಳಿಯ, ಮೇಲೆ ಹಿಡಕಂಡದೆ ಕಣೋ, ಇನ್ನೆಂಟು ದಿನಕ್ಕೆ ಕೆರೆಗೆ ಬತ್ತದೆ" ಎನ್ನುತ್ತಿದ್ದರು. ಬರುತ್ತಿತ್ತು. ಗೌರಿಹಳ್ಳ ಕೆಂಪಗೆ ಉಬ್ಬಿ ಅಯ್ಯನಕೆರೆಗೆ ಇಳಿದು, ಕೆರೆ ಕೋಡಿ ಬಿದ್ದ ಸುದ್ದಿ ಬಂದರೆ, ಮಳೆಯಿಲ್ಲದ ಊರಿನಲ್ಲಿ ಭತ್ತದ ಗದ್ದೆಗಳು ಉಳುಮೆಗೆ ಏಳುತ್ತಿದ್ದವು. ಅತ್ತ ಅವತಿಯ ದಾರಿಯಲ್ಲಿ ಮದಗದ ಕೆರೆಗೂ ಹೀಗೆಯೇ ಗಿರಿಯ ನೀರು. ತಂದೆಯವರಿಗೆ ಮಳೆ ತಲೆಯ ಮೇಲೆ ಬೀಳುವ ವಸ್ತು. ಮಾವನಿಗೆ ಅದು ದೂರದಲ್ಲಿ ಕಾಣುವ, ಆಮೇಲೆ ನೆಲದಲ್ಲಿ ನಡೆದು ಬರುವ ವಸ್ತು. ಮಲೆನಾಡಿನವರು ಬೆಟ್ಟವನ್ನು ದೂರುತ್ತಿದ್ದರು, ಬಯಲಿನವರು ಅದಕ್ಕೆ ಕೈಮುಗಿಯುತ್ತಿದ್ದರು. ನನ್ನ ತಾಯಿ ಮದುವೆಯಾಗಿ ಬಣಕಲ್ ಕಡೆಗೆ ಬಂದ ಮೊದಲ ಮಳೆಗಾಲದಲ್ಲಿ, ಒಣಗದ ಬಟ್ಟೆಗಳ ಕೆಳಗೆ ಅಗ್ಗಿಷ್ಟಿಕೆ ಇಟ್ಟು ಕುಳಿತು, ನಮ್ಮೂರಿನವರು ಕೈಮುಗಿಯುವುದು ಇದಕ್ಕೇನಾ ಎಂದು ಅತ್ತದ್ದನ್ನು ಕೊನೆಯವರೆಗೂ ನಗುತ್ತ ಹೇಳುತ್ತಿದ್ದಳು.

ತಂದೆಯವರ ನಂತರ ಆ ಪುಸ್ತಕದ ಅಭ್ಯಾಸವನ್ನು ನನ್ನ ತಮ್ಮ ಮುಂದುವರಿಸಿದ್ದಾನೆ. 2019ರ ಆಗಸ್ಟಿನ ಪುಟವನ್ನು ಮಾತ್ರ ನಾವು ಹೆಚ್ಚು ತಿರುವುವುದಿಲ್ಲ. ತಿಂಗಳಿಡೀ ಹಂಚಿ ಬೀಳಬೇಕಾದದ್ದು ಕೆಲವೇ ದಿನಗಳಲ್ಲಿ ಬಿದ್ದು, ಮಲೆಮನೆ, ಚನ್ನಹಡ್ಲು, ಆಲೇಖಾನ್ ಹೊರಟ್ಟಿ ಕಡೆಗಳಲ್ಲಿ ಗುಡ್ಡಗಳು ಜಾರಿ, ತೋಟಗಳು ಗಿಡಸಮೇತ ಹಳ್ಳಕ್ಕೆ ಇಳಿದು, ಚಾರ್ಮಾಡಿ ಘಾಟಿ ಮುಚ್ಚಿತು. ಬೆಟ್ಟ ಸ್ಥಿರ, ನೀರು ಚರ ಎಂಬ ನಮ್ಮ ಮಾತು ಆ ವಾರ ಸುಳ್ಳಾಯಿತು.

ಬಸ್ಸಿನ ಬೋರ್ಡಿನ ಹೆಸರುಗಳು

ಇಷ್ಟಕ್ಕೂ ಘಟ್ಟದ ಅಂಚನ್ನು ಬಿಟ್ಟು ಇಷ್ಟು ಒಳಗೆ, ರಾಜ್ಯದಲ್ಲೇ ಎತ್ತರದ ನೆಲ ಏಕೆ ನಿಂತಿದೆ? ನನ್ನ ಮಗಳು ಚಿಕ್ಕವಳಿದ್ದಾಗ ಗಿರಿಯಿಂದ ಒಂದು ಕಲ್ಲನ್ನು ಆರಿಸಿ ತಂದಿದ್ದಳು. ಅಂಗೈ ಅಗಲ, ಅದರ ಗಾತ್ರಕ್ಕೆ ಮೀರಿದ ತೂಕ. ಒಡೆದ ಮಗ್ಗುಲಿನಲ್ಲಿ ಕಪ್ಪು, ಕೆಂಪು, ಮತ್ತೆ ಕಪ್ಪು ಎಂದು ಕಾಗದದ ಹಾಳೆಗಳನ್ನು ಒತ್ತಿ ಇಟ್ಟಂತೆ ತೆಳುವಾದ ಪಟ್ಟೆಗಳು. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಮಾವಿನಹಣ್ಣಿನ ಆಕಾರದ ಆಯಸ್ಕಾಂತವನ್ನು ಅದರ ಹತ್ತಿರ ಒಯ್ದರೆ, ಕಪ್ಪು ಪಟ್ಟೆಗೆ ಮೆಲ್ಲಗೆ ಕಚ್ಚಿಕೊಳ್ಳುತ್ತದೆ. ಆ ಕಲ್ಲು ಇಂದಿಗೂ ನನ್ನ ಮೇಜಿನ ಮೇಲೆ ಬಿಲ್ಲುಗಳನ್ನು ಅದುಮಿಕೊಂಡು ಕುಳಿತಿದೆ.

ಭೂವಿಜ್ಞಾನಿಗಳು ಇದನ್ನು ಪಟ್ಟೆಗಬ್ಬಿಣದ ಶಿಲೆ ಎನ್ನುತ್ತಾರೆ. ಗಿರಿಯ ನೆತ್ತಿಯ ಪದರಕ್ಕೆ ಮುಳ್ಳಯ್ಯನಗಿರಿಯ ಹೆಸರನ್ನೇ ಕೊಟ್ಟಿದ್ದಾರೆ. ಅದರ ಕೆಳಗಿನ ಪದರಗಳ ಹೆಸರುಗಳನ್ನು ಮೊದಲ ಬಾರಿ ಓದಿದಾಗ ನನಗೆ ನಗು ತಡೆಯಲಾಗಲಿಲ್ಲ: ಸಂತವೇರಿ, ಅಲ್ಲಂಪುರ, ಕಳಸಾಪುರ, ಕರ್ತಿಕೆರೆ. ಇವೆಲ್ಲ ನಮ್ಮ ಬಸ್ ನಿಲ್ದಾಣದಲ್ಲಿ ದಿನವೂ ಕಂಡಕ್ಟರು ಕೂಗುವ ಊರುಗಳು! ಪ್ರಪಂಚದ ಯಾವುದೋ ಮೂಲೆಯ ವಿಶ್ವವಿದ್ಯಾಲಯದಲ್ಲಿ 270ರಿಂದ 290 ಕೋಟಿ ವರ್ಷಗಳಷ್ಟು ಹಳೆಯ ಶಿಲೆಗಳ ಬಗ್ಗೆ ಪಾಠ ಹೇಳುವವರು ಕರ್ತಿಕೆರೆಯ ಹೆಸರನ್ನು ಉಚ್ಚರಿಸುತ್ತಿರಬಹುದು, ಕರ್ತಿಕೆರೆಯವರಿಗೆ ಅದು ಗೊತ್ತಿರಲಿಕ್ಕಿಲ್ಲ. ಎಲ್ಲಕ್ಕಿಂತ ಕೆಳಗಿನ ಆ ಪದರದಲ್ಲಿ ಇರುವುದು ಹರಿಯುವ ನೀರು ಉರುಳಿಸಿ ಉರುಳಿಸಿ ನುಣುಪು ಮಾಡಿದ ಬಿಳಿಯ ಬೆಣಚುಕಲ್ಲಿನ ಹರಳುಗಳು. ಎಲ್ಲಕ್ಕಿಂತ ಮೇಲಿನದು ನೀರಿನ ತಳದಲ್ಲಿ ಕಬ್ಬಿಣ ಸಣ್ಣಗೆ ಕುಳಿತು ಗಟ್ಟಿಯಾದ ಪಟ್ಟೆಗಳು. ಬುಡದಲ್ಲೊಂದು ಹೊಳೆ, ನೆತ್ತಿಯಲ್ಲೊಂದು ಕಡಲ ತಳ. ಅಕ್ಕಪಕ್ಕದ ನೆಲವೆಲ್ಲ ಕೋಟ್ಯಂತರ ವರ್ಷಗಳ ಮಳೆಗೆ ಸವೆದು ತಗ್ಗಾದಾಗ, ಕಬ್ಬಿಣದ ಟೋಪಿ ಹಾಕಿಕೊಂಡ ಈ ಸಾಲು ಅಷ್ಟು ಬೇಗ ಕರಗದೆ ಉಳಿದುಕೊಂಡಿತು.

ಆ ಟೋಪಿಗೆ ಕಣ್ಣು ಬೀಳದೆ ಇರುತ್ತದೆಯೇ? ಕೆಮ್ಮಣ್ಣುಗುಂಡಿಯನ್ನು ನಾವು ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಿಗೆಯ ತಂಗುದಾಣವೆಂದು ನೆನೆಯುತ್ತೇವೆ. ಅಲ್ಲಿಂದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಹಲವು ದಶಕಗಳ ಕಾಲ ಅದಿರು ಇಳಿದದ್ದನ್ನು ಮರೆತಿದ್ದೇವೆ. ಅತ್ತ ಕುದುರೆಮುಖದಲ್ಲಿ 1976ರಲ್ಲಿ ಸ್ಥಾಪನೆಯಾದ ಕಂಪನಿ, ಅದಿರಿನ ಪುಡಿಯನ್ನು ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿಗೆ ಸಾಗಿಸಿತು. ಸುಪ್ರೀಂ ಕೋರ್ಟಿನ 2002ರ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಉಳಿದ ಹೂಳನ್ನು ಹಿಡಿದುಕೊಂಡು ಲಕ್ಯಾ ಅಣೆಕಟ್ಟು ಇನ್ನೂ ಅಲ್ಲಿ ನಿಂತಿದೆ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುತ್ತವೆಂದು ನಾವು ಹೇಳುವ ಗಂಗಾಮೂಲ ಅಲ್ಲಿಂದ ದೂರವೇನಲ್ಲ.

ದೇವೀರಮ್ಮನ ಬೆಟ್ಟದ ಮರುಬೆಳಗು

ಹೆಸರಿನ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ನಾನು ಕೆಲವು ದಿನ ನಂಬಿದ್ದು ಒಂದು ಹಳೆಯ ನೆನಪಿನ ಬಲದಿಂದ. ಪಿಯುಸಿ ಓದುತ್ತಿದ್ದಾಗ, ನರಕ ಚತುರ್ದಶಿಗೆ ಮಾವನ ಜೊತೆ ದೇವೀರಮ್ಮನ ಬೆಟ್ಟ ಹತ್ತಿದ್ದೆ. ವರ್ಷಕ್ಕೊಮ್ಮೆ ಮಾತ್ರ ಜನ ಏರುವ ಬೆಟ್ಟ. ಮಲ್ಲೇನಹಳ್ಳಿಯ ಕಡೆಯಿಂದ ನಡುರಾತ್ರಿಗೆ ಹೊರಟೆವು. ಮಾವನ ಹೆಗಲ ಮೇಲೆ ಹರಕೆಯ ಸೌದೆಯ ಕಟ್ಟು, ನನ್ನ ಕೈಯಲ್ಲಿ ಸೆಲ್ಲು ಸೋತ ಟಾರ್ಚು. ಹಿಂದಿನ ದಿನ ಮಳೆಯಾಗಿತ್ತು. ಕೊನೆಯ ಏರಿನಲ್ಲಿ ಕೆಂಪು ಮಣ್ಣು ಸೋಪಿನಂತೆ ಜಾರುತ್ತಿತ್ತು. ಮುಂದಿನವರ ಕಾಲು ಜಾರಿದರೆ ಹಿಂದಿನವರು ಸೊಂಟಕ್ಕೆ ಕೈಕೊಟ್ಟು ತಡೆಯಬೇಕು; ಯಾರ ಸೊಂಟ, ಯಾರ ಕೈ ಎಂದು ಕತ್ತಲಲ್ಲಿ ಯಾರೂ ಕೇಳುವಂತಿರಲಿಲ್ಲ. ಹಿಡಿದುಕೊಳ್ಳಲು ಹುಲ್ಲಿನ ಬುಡ ಬಿಟ್ಟರೆ ಬೇರೇನೂ ಇಲ್ಲ. ತಿರುಗಿ ನೋಡಿದರೆ ಕೆಳಗಿನವರೆಗೂ ಟಾರ್ಚುಗಳ ಸಾಲು ಬೆಟ್ಟಕ್ಕೆ ದಾರ ಸುತ್ತಿದಂತೆ ಅಲುಗಾಡುತ್ತಿತ್ತು.

ದರ್ಶನ ಮುಗಿಸಿ, ಬಂದ ದಾರಿಯ ನೂಕುನುಗ್ಗಲಿಗೆ ಹೆದರಿ, ಮಾಣಿಕ್ಯಧಾರೆಯ ಕಡೆಗೆ ಇಳಿದೆವು. ಬೆಳಕು ಹರಿಯುವ ವೇಳೆಗೆ ದೊಡ್ಡ ಸಾಲಿನ ಏಣಿನ ಮೇಲಿದ್ದೆವು. ಬಲಕ್ಕೆ, ಪೂರ್ವದಲ್ಲಿ, ಮಾವನ ಸೀಮೆ ತಟ್ಟೆಯಂತೆ ಹರಡಿತ್ತು. ಅಯ್ಯನಕೆರೆ ಸೂರ್ಯನ ಎದುರು ಒಂದು ತುಂಡು ತಗಡಿನಂತೆ ಹೊಳೆಯುತ್ತಿತ್ತು. ಎಡಕ್ಕೆ ನೆಲವೇ ಇರಲಿಲ್ಲ. ಜಾಗರ ಕಣಿವೆಯನ್ನು ಅಂಚಿನವರೆಗೆ ತುಂಬಿ ಮಂಜು ನಿಂತಿತ್ತು. ಮಂಜಿನಿಂದ ಮೇಲೆದ್ದ ಏಣು ಮಾತ್ರ ಕಪ್ಪಗೆ, ನಮ್ಮ ಕಾಲ ಬುಡದಿಂದ ಹೊರಟು ಎಡಕ್ಕೂ ಬಲಕ್ಕೂ ಬಾಗುತ್ತ ಹೋಗಿತ್ತು. ಮಡಿಕೆಗಳಲ್ಲಿ ಶೋಲಾ ಕಾಡು, ಬೆನ್ನಿನ ಮೇಲೆ ಬರಿಯ ಹುಲ್ಲು, ಕತ್ತರಿಸಿ ಕೂರಿಸಿದಂತೆ. ಮಾವ ಬೀಡಿ ಹಚ್ಚಿ, ಆ ಮಂಜನ್ನು ನೋಡಿ, "ಇಷ್ಟೂ ನೀರೇ ಕಣೋ, ಆದ್ರೆ ನಮ್ ಕಡೀಕೆ ಬರಾದಲ್ಲ" ಎಂದರು. ಅವರ ಲೆಕ್ಕ ಅಷ್ಟೇ. ಏಣಿನ ಆ ಕಡೆ ಬಿದ್ದದ್ದು ಪರರ ಸ್ವತ್ತು.

ತಮ್ಮನ ಮಗ ಲಾಳವನ್ನು ತೋರಿಸಿದ ರಾತ್ರಿ ನನಗೆ ಇದೆಲ್ಲ ನೆನಪಾಗಿ, ಹೆಸರಿಟ್ಟವರು ಅಲ್ಲಿಯೇ ಎಲ್ಲೋ ನಿಂತಿದ್ದಿರಬೇಕು, ಮಂಜು ತುಂಬಿದ ಬೆಳಗಿನಲ್ಲಿ ಬಟ್ಟಲಿನ ಅಂಚನ್ನು ಕಂಡಿರಬೇಕು ಎಂದು ಬರೆದಿಟ್ಟುಕೊಂಡೆ. ಗುಹೆಗೆ ಬಂದ ಫಕೀರರು, ಜಂಗಮರು, ಮೊಕಾದಿಂದ ಏಳು ಕಾಫಿ ಬೀಜ ತಂದರೆನ್ನುವ ಬಾಬಾ ಬುಡನ್ ಅವರು, ಎಲ್ಲರೂ ಏಣಿನ ಮೇಲೆ ನಡೆದವರೇ. ಆದರೂ ಮನಸ್ಸು ಒಪ್ಪಲಿಲ್ಲ. ಏಣಿನ ಮೇಲೆ ನಿಂತವನಿಗೆ ತಾನು ನಿಂತ ತುಂಡೇ ಕಾಣುವುದಿಲ್ಲ. ನನಗೆ ಅಂದು ಕಂಡದ್ದು ಕಾಲುಭಾಗ ಚಂದ್ರ, ಉಳಿದದ್ದು ಮೋಡ.

ಬಟ್ಟಲಿನ ಒಳಗಿದ್ದವರು

ಕಳೆದ ಮಾಘದಲ್ಲಿ ತರೀಕೆರೆಯ ಕಡೆ ಒಂದು ಮದುವೆಗೆ ಹೋದವನು, ಮಧ್ಯಾಹ್ನದ ಮೇಲೆ ಎಂ.ಸಿ. ಹಳ್ಳಿಗೆ ಹೋದೆ. ತಂದೆಯವರ ತೋಟದಲ್ಲಿ ಹಿಂದೆ ಮೇಸ್ತ್ರಿಯಾಗಿದ್ದವರ ಅಣ್ಣ ಅಲ್ಲಿದ್ದಾರೆ. ಜಾಗರ ಕಣಿವೆಯ ಕಾಡನ್ನು 1951ರಲ್ಲೇ ವನ್ಯಧಾಮವೆಂದು ಗುರುತಿಸಿದ್ದರು. 1974ರಲ್ಲಿ ಅದು ವಿಸ್ತರಿಸಿ ಭದ್ರಾ ಅಭಯಾರಣ್ಯವಾಯಿತು. 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಒಳಗಿದ್ದ ಹತ್ತಕ್ಕೂ ಹೆಚ್ಚು ಹಳ್ಳಿಗಳ ನಾನೂರಕ್ಕೂ ಹೆಚ್ಚು ಕುಟುಂಬಗಳು 2001–02ರ ಹೊತ್ತಿಗೆ ಹೊರಗೆ ಬಂದು ಎಂ.ಸಿ. ಹಳ್ಳಿ ಮತ್ತು ಕೆಳಗೂರುಗಳಲ್ಲಿ ನೆಲೆಸಿದವು. ಇವರ ಕುಟುಂಬವೂ ಅದರಲ್ಲಿ ಒಂದು. ಬಿಟ್ಟು ಬಂದದ್ದಕ್ಕೆ ಅವರಿಗೆ ಕೊರಗಿದೆಯೆಂದು ನಾನು ಭಾವಿಸಿಕೊಂಡು ಹೋಗಿದ್ದೆ. ಅವರು ಹಾಗೇನೂ ಹೇಳಲಿಲ್ಲ. ಮಳೆಗಾಲದಲ್ಲಿ ಹೊಳೆ ತುಂಬಿದರೆ ಹೆರಿಗೆಗೂ ಹೊರಗೆ ಬರಲಾಗದ ಜಾಗ. ಬೆಳೆದ ಭತ್ತದಲ್ಲಿ ಆನೆಗೆಷ್ಟು, ಹಂದಿಗೆಷ್ಟು, ಮನೆಗೆಷ್ಟು ಎಂದು ಮೊದಲೇ ಗೊತ್ತಿರುತ್ತಿತ್ತು. ಇಲ್ಲಿ ನಾಲೆಯ ನೀರಿದೆ, ಅಡಿಕೆ ಹಿಡಿದಿದೆ, ಮೊಮ್ಮಗಳು ಶಿವಮೊಗ್ಗದಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಹೊರಗಿನ ನಾವು ದೂರದ ಕಾಡನ್ನು ನೆನೆದು ಪಡುವ ಸಂಕಟದ ಪಾಲನ್ನು ಅವರ ಮೇಲೆ ಹೊರಿಸಬಾರದೆಂದು ಅಲ್ಲಿ ತೋರಿತು.

ಕಾಫಿ ಕುಡಿಯುತ್ತ ನನ್ನ ಪ್ರಶ್ನೆಯನ್ನು ಅವರ ಮುಂದಿಟ್ಟೆ. ಚಂದ್ರದ್ರೋಣವೆಂಬ ಹೆಸರು ಅವರಿಗೆ ಮದುವೆಯ ಕಾಗದಗಳಲ್ಲಿ ಓದಿದ ನೆನಪು ಅಷ್ಟೇ. ಆದರೆ ಬೆಟ್ಟ ಬಾಗಿರುವುದು ಹೇಗೆ ಗೊತ್ತಾಗಿರಬಹುದು ಎಂಬ ಮಾತಿಗೆ ಅವರು ನನ್ನನ್ನೇ ವಿಚಿತ್ರವಾಗಿ ನೋಡಿದರು. "ಗೊತ್ತಾಗೋದೇನು ಬಂತು ಸ್ವಾಮಿ? ಬಾಗಿಲು ತೆಗೆದ್ರೆ ಎದುರಿಗೂ ಗುಡ್ಡ, ಎಡಕ್ಕೂ ಗುಡ್ಡ, ಬಲಕ್ಕೂ ಗುಡ್ಡ. ಹಿತ್ತಿಲ ಕಡೆ ಒಂದೇ ಬಯಲು, ಹೊಳೆ ಹೋಗೋ ಕಡೆ." ಹೀಗೆಂದು ಲೋಟವನ್ನು ಕೆಳಗಿಟ್ಟು, ಎಡಗೈಯನ್ನು ಮುಂದೆ ಚಾಚಿ, ಬೊಗಸೆಯ ಅರ್ಧದಂತೆ ಬಾಗಿಸಿದರು. ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಬೆರಳುಗಳ ತುದಿ ಏಣಾಯಿತು. ಬಲಗೈಯ ತೋರುಬೆರಳನ್ನು ಅಂಗೈಯ ನಡುವಿನ ಗೆರೆಯ ಮೇಲೆ ಇಟ್ಟು, "ಇದು ನಮ್ಮನೆ" ಎಂದರು. ಗೆರೆಯನ್ನು ಹಿಡಿದು ಮಣಿಕಟ್ಟಿನವರೆಗೆ ಬೆರಳನ್ನು ಎಳೆದು, "ಇದು ಹೊಳೆ" ಎಂದರು. ಹೆಬ್ಬೆಯ ಅಬ್ಬಿ ಯಾವ ಬೆರಳಿನ ಬುಡದಲ್ಲಿ ಬೀಳುತ್ತದೆ, ಮಳೆಯ ಗಾಳಿ ಮಣಿಕಟ್ಟಿನ ಕಡೆಯಿಂದ ನುಗ್ಗಿ ಯಾವ ಬೆರಳುಗಳಿಗೆ ಹೊಡೆಯುತ್ತದೆ, ಬೇಸಿಗೆಯಲ್ಲಿ ಸೂರ್ಯ ಯಾವ ಸಂದಿಯಿಂದ ಏಳುತ್ತಾನೆ, ಚಳಿಗಾಲಕ್ಕೆ ಎಷ್ಟು ಬೆರಳು ಸರಿಯುತ್ತಾನೆ, ಎಲ್ಲವೂ ಆ ಕೈಯಲ್ಲಿತ್ತು. ಸಂಸ್ಕೃತ ಬಲ್ಲವರು ಯಾರೋ ಆಮೇಲೆ ಬಂದು ಇಂಥದೇ ಒಂದು ಕೈಯನ್ನು ನೋಡಿ ಹೆಸರು ಕಟ್ಟಿರಬೇಕೆಂಬುದು ನನ್ನ ಊಹೆ. ಆಧಾರ ಕೇಳಿದರೆ ಕೊಡಲಾರೆ. ಹೊರಗಿನಿಂದ ನೋಡಿದವರಿಗೆ ಗೋಡೆ, ಮೇಲಿನಿಂದ ನೋಡಿದವರಿಗೆ ಕಾಲುಭಾಗ ಚಂದ್ರ. ತೊಟ್ಟಿಯ ತಳದಲ್ಲಿ ಒಲೆ ಹಚ್ಚಿದವರಿಗೆ ಮಾತ್ರ ಅದು ಪೂರ್ತಿ ಕಂಡಿದೆ.

ಹೊರಡುವ ಮುನ್ನ ನನ್ನ ಮೊಬೈಲಿನಲ್ಲಿ ಅದೇ ಉಪಗ್ರಹದ ನಕ್ಷೆಯನ್ನು ತೆರೆದು ಅವರ ಕೈಗೆ ಕೊಟ್ಟೆ. ತಮ್ಮ ಗದ್ದೆಬಯಲು ಈಗ ಹೇಗಿದೆ ಎಂದು ನೋಡುವ ಆಸೆ ಅವರಿಗೂ ಇತ್ತು. ಆದರೆ ದಪ್ಪ ಬೆರಳು ತಗುಲಿದ ಕೂಡಲೇ ಚಿತ್ರ ಸರಕ್ಕನೆ ಜಾರಿ ಲಕ್ಕವಳ್ಳಿಯ ಹಿನ್ನೀರಿಗೆ ಹೋಗಿ ನಿಂತಿತು. ನಾನು ಮತ್ತೆ ಮುಳ್ಳಯ್ಯನಗಿರಿಯ ಹೆಸರನ್ನು ಒತ್ತಿ ಅಲ್ಲಿಂದ ಕೆಳಗೆ ಹುಡುಕತೊಡಗಿದೆ. ಎಲ್ಲ ಹಸಿರೂ ಒಂದೇ ಆಗಿ ಏನೂ ಸಿಗಲಿಲ್ಲ. "ಹಂಗಲ್ಲ ಸ್ವಾಮಿ, ಹೊಳೆ ಹಿಡ್ಕೊಂಡು ಬನ್ನಿ" ಎಂದರು. ಹಿನ್ನೀರಿನಿಂದ ಭದ್ರೆ, ಭದ್ರೆಯಿಂದ ಸೋಮವಾಹಿನಿ, ಅಲ್ಲಿಂದ ಅವರು ಹೇಳಿದ ತಿರುವುಗಳನ್ನು ಒಂದೊಂದಾಗಿ ಎಣಿಸಿಕೊಂಡು ಮೇಲಕ್ಕೆ ಬಂದೆವು. ಎಡದಿಂದ ಸೇರುವ ಎರಡನೆಯ ಹಳ್ಳದ ಬಾಯಲ್ಲಿ, ಕಡುಹಸಿರಿನ ನಡುವೆ, ಉಗುರಿನಷ್ಟಗಲದ ತಿಳಿಹಸಿರು ತೇಪೆಯೊಂದು ಸಿಕ್ಕಿತು. ಈ ಬಾರಿ ಅವರು ಬೆರಳನ್ನು ತಗುಲಿಸದೆ, ಗಾಜಿನಿಂದ ಒಂದಿಷ್ಟು ಮೇಲೆಯೇ ಹಿಡಿದು ತೋರಿಸಿದರು.